ಹೊಳೆಯ ಕಲ್ಲು ಹೊಳೆಯುವುದು ಹೇಗೆ?

ಮಕ್ಕಳೇ, ಕಳೆದ ದಸರೆಯ ರಜೆಯಲ್ಲಿ ನನ್ನ ಮೊಮ್ಮಗಳು ಧಾರವಾಡಕ್ಕೆ ಬಂದಿದ್ದಳು. ಏಳನೇ ತರಗತಿ ಓದುವ ಹುಡುಗಿ. ನಾನು ಬ್ಯಾಂಕಿನಲ್ಲಿದ್ದಾಗ ಕೆಲಸ ಮಾಡಿದ ಕೃಷ್ಣಾ ತೀರದ ಒಂದು ಊರನ್ನು ತೋರಿಸಲು ಕರೆದುಕೊಂಡು ಹೋದೆ. ನನ್ನ ಹಳೇ ಬ್ಯಾಂಕಿನ ಕಟ್ಟಡವನ್ನು ಅವಳು ತಿರುಗಿಯೂ ನೋಡಲಿಲ್ಲ. ಹೊಳೆಯ ದಂಡೆಯಲ್ಲಿ ಕೂತು ಕಲ್ಲು ಆರಿಸಿದಳು. ಜೇನುತುಪ್ಪದ ಬಣ್ಣದ್ದು, ಹಾಲಿನ ಬಣ್ಣದ್ದು, ಕೆಂಪು ಗೆರೆ ಇದ್ದದ್ದು, ಹೀಗೆ ನನ್ನ ಟವೆಲ್ ತುಂಬ ಕಲ್ಲು.

ಮರುದಿನ ಟವೆಲ್ ಬಿಚ್ಚಿದರೆ ಎಲ್ಲವೂ ಬೂದಿ ಬಳಿದಂತೆ ಕಂಡವು. ಹುಡುಗಿಯ ಮುಖ ಸಪ್ಪಗಾಯಿತು. "ಅಜ್ಜಾ, ಹೊಳ್ಯಾಗ ಇದ್ದಾಗ ಎಷ್ಟ ಛಂದ ಇದ್ದೂ! ಈಗ ಸತ್ತ ಹೋದ್ವೇನ?"

ಸತ್ತಿಲ್ಲ. ಒಂದು ಕಲ್ಲಿನ ಮೇಲೆ ನೀರು ಸುರಿದೆ, ಬಣ್ಣ ಮರಳಿ ಬಂತು. ಒಣಗಿತು, ಮತ್ತೆ ಹೋಯಿತು. ಕಲ್ಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು, ಕುಳಿಗಳಿರುತ್ತವೆ. ಬೆಳಕು ಅವುಗಳ ಮೇಲೆ ಬಿದ್ದು ಎಲ್ಲ ಕಡೆ ಚೆದುರಿ ಹೋಗುತ್ತದೆ. ನೀರು ಆ ಕುಳಿಗಳನ್ನು ತುಂಬಿ ಮೈಯನ್ನು ನಯ ಮಾಡುತ್ತದೆ, ಆಗ ಒಳಗಿನ ಬಣ್ಣ ಕಾಣುತ್ತದೆ. ಕಲ್ಲನ್ನೇ ನಯ ಮಾಡಿಬಿಟ್ಟರೆ ಅದು ನೀರಿಲ್ಲದೆಯೂ ಹೊಳೆಯುತ್ತದೆ. ಪಾಲಿಶ್ ಅಂದರೆ ಇಷ್ಟೇ.

ಕೃಷ್ಣಾ, ಭೀಮಾ ನದಿಗಳ ದಂಡೆಯಲ್ಲಿ ಇಂಥ ಬಣ್ಣದ ಕಲ್ಲು ಸಿಗುವುದಕ್ಕೂ ಕಾರಣವಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಲಾವಾ ಹರಿದು ಗಟ್ಟಿಯಾಯಿತು. ಅದರೊಳಗೆ ಗಾಳಿಗುಳ್ಳೆಗಳು ಉಳಿದವು. ಆ ಗುಳ್ಳೆಗಳಲ್ಲಿ ಸಿಲಿಕಾ ಪದರ ಪದರವಾಗಿ ತುಂಬಿಕೊಂಡು ಅಗೇಟ್ ಕಲ್ಲಾಯಿತು. ಬಂಡೆ ಸವೆದಾಗ ಅಗೇಟ್ ಉದುರಿ ಹೊಳೆ ಸೇರಿತು.

ಸಂಜೆ ಹೊತ್ತಿಗೆ ಮೊಮ್ಮಗಳು ಅಪ್ಪನ ಮೊಬೈಲಿನಲ್ಲಿ ಒಂದು ಯಂತ್ರ ಹುಡುಕಿ ತಂದಳು. ಹೆಸರು ರಾಕ್ ಟಂಬ್ಲರ್. ಎರಡು ಉರುಳೆಗಳ ಮೇಲೆ ಅಡ್ಡ ಮಲಗಿದ ಒಂದು ಪೀಪಾಯಿ, ಅದನ್ನು ತಿರುಗಿಸಲು ಒಂದು ಸಣ್ಣ ಮೋಟರ್. ಒಳಗೆ ಕಲ್ಲು, ನೀರು, ಉಜ್ಜುವ ಪುಡಿ. ಹೊಳೆ ಬಹು ಕಾಲ ಮಾಡುವ ಕೆಲಸವನ್ನು ಅದು ಒಂದು ತಿಂಗಳಲ್ಲಿ ಮಾಡುತ್ತದೆ. ಸಿಮೆಂಟ್ ಕಾರ್ಖಾನೆಯಲ್ಲಿ ಮನೆಯಷ್ಟು ದೊಡ್ಡ ಬಾಲ್ ಮಿಲ್ ತಿರುಗುವುದನ್ನು ನಾನು ನೋಡಿದ್ದೇನೆ. ಅದೂ ಇದೇ ಜಾತಿಯದು. ಅದರಲ್ಲಿ ಉಕ್ಕಿನ ಗುಂಡುಗಳು ಮೇಲಿಂದ ಬಿದ್ದು ಕಲ್ಲನ್ನು ಪುಡಿ ಮಾಡುತ್ತವೆ. ನಮಗೆ ಕಲ್ಲು ಒಡೆಯಬಾರದು, ಒಂದರ ಮೇಲೊಂದು ಜಾರಿ ಸವೆಯಬೇಕು.

ನಾನು ಕೂಡಲೇ ಹೂಂ ಅನ್ನಲಿಲ್ಲ. ಸಾಲ ಕೇಳಲು ಬಂದವರಿಗೆ ಕಾಗದಪತ್ರ ತನ್ನಿ ಎನ್ನುತ್ತಿದ್ದ ಅಭ್ಯಾಸ. ಬಣ್ಣದ ಅಂಗಡಿಯಿಂದ 120, 220, 400, 800, 1500 ನಂಬರಿನ ವಾಟರ್ ಪೇಪರ್ ಒಂದೊಂದು ಹಾಳೆ ತಂದೆ. ಮನೆ ಕಟ್ಟುವವರಲ್ಲಿ ಒಂದು ಅಮೃತಶಿಲೆಯ ಚೂರು ಕೇಳಿ ತಂದೆ. "ಇದನ್ನ ನೀರು ಹಾಕಿ, ನಂಬರ್ ಪ್ರಕಾರ ತಿಕ್ಕು. ಹೊಳಪು ಬಂದ್ರ ಮುಂದ ಮಾತಾಡೂಣು" ಎಂದೆ. ಎರಡು ಸಂಜೆ ತಿಕ್ಕಿದಳು. ಮೂರನೆಯ ದಿನ ಆ ಚೂರಿನಲ್ಲಿ ಕಿಟಕಿಯ ಬೆಳಕು ಕಾಣುತ್ತಿತ್ತು. ಹಿರಿಯರೇ, ಯಂತ್ರಕ್ಕೆ ಹಣ ಹಾಕುವ ಮೊದಲು ನೀವೂ ಈ ಪರೀಕ್ಷೆ ಮಾಡಿ. ಎರಡು ಸಂಜೆ ಕಾಯಲಾರದ ಮಗು ನಾಲ್ಕು ವಾರ ಕಾಯುವುದು ಕಷ್ಟ.

ಇನ್ನು ಯಂತ್ರ ಆರಿಸುವ ಲೆಕ್ಕ. ನಾನು ಒಂದು ಹಾಳೆಯಲ್ಲಿ ಬರೆದುಕೊಂಡದ್ದನ್ನೇ ಹೇಳುತ್ತೇನೆ.

ಮೊದಲನೆಯದು ಪೀಪಾಯಿ. ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ಗಲಾಟೆ ಹೆಚ್ಚು. ರಬ್ಬರಿನದು ಬೆಲೆ ಹೆಚ್ಚು, ಸದ್ದು ಕಡಿಮೆ. ಯಂತ್ರ ಹಗಲು ರಾತ್ರಿ ತಿರುಗಬೇಕು. "ರಾತ್ರಿಯೆಲ್ಲಾ ಗಡಗಡ ಅಂದ್ರ ನಾ ಎಲ್ಲಿ ಮಲಗ್ಲಿರೀ?" ಎಂದು ನಮ್ಮ ಮನೆಯಾಕೆ ಕೇಳಿದ ಮೇಲೆ ರಬ್ಬರಿನದೇ ಗಟ್ಟಿಯಾಯಿತು.

ಎರಡನೆಯದು ಅಳತೆ. ಪೀಪಾಯಿಯನ್ನು ಮೂರರಲ್ಲಿ ಎರಡು ಪಾಲಿನಿಂದ ನಾಲ್ಕರಲ್ಲಿ ಮೂರು ಪಾಲಿನವರೆಗೆ ಕಲ್ಲಿನಿಂದ ತುಂಬಬೇಕು. ಅರೆಬರೆ ತುಂಬಿದರೆ ಕಲ್ಲುಗಳು ಎತ್ತರದಿಂದ ಬಿದ್ದು ಚಕ್ಕೆ ಏಳುತ್ತವೆ. ಆದ್ದರಿಂದ ದೊಡ್ಡದು ಕೊಂಡು ಕಲ್ಲಿಗಾಗಿ ಪರದಾಡಬೇಡಿ. ಮನೆಗೆ ಒಂದು, ಒಂದೂವರೆ ಕಿಲೋ ಹಿಡಿಯುವುದು ಸಾಕು.

ಮೂರನೆಯದು ಬಗೆ. ಉರುಳುವ ಯಂತ್ರವೂ ಇದೆ, ನಡುಗುವ ಯಂತ್ರವೂ ಇದೆ. ನಡುಗುವುದು ಬೇಗ ಮುಗಿಸುತ್ತದೆ, ಆದರೆ ದುಬಾರಿ. ಒರಟು ಕಲ್ಲನ್ನು ದುಂಡಗೆ ಮಾಡಲು ಉರುಳುವುದೇ ಒಳ್ಳೆಯದು.

ನಾಲ್ಕನೆಯದು ವೇಗ. ಬಟ್ಟೆ ಒಗೆಯುವ ಯಂತ್ರ ಜೋರಾಗಿ ತಿರುಗುವಾಗ ಬಟ್ಟೆ ಗೋಡೆಗೆ ಅಂಟಿಕೊಳ್ಳುತ್ತದಲ್ಲ? ಪೀಪಾಯಿ ಅತಿ ವೇಗವಾಗಿ ತಿರುಗಿದರೆ ಕಲ್ಲುಗಳೂ ಹಾಗೇ ಅಂಟಿ ಕೂರುತ್ತವೆ, ಉಜ್ಜಾಟವೇ ನಡೆಯುವುದಿಲ್ಲ. ಅದಕ್ಕೆ ತುಸು ಕಡಿಮೆ ವೇಗದಲ್ಲಿ ಕಲ್ಲು ಬಿದ್ದು ಒಡೆಯುತ್ತದೆ. ಒಳಗಿನಿಂದ ಸರಸರ ಸದ್ದು ಬಂದರೆ ಸರಿ, ಟಕ್ ಟಕ್ ಬಂದರೆ ತಪ್ಪು.

ಐದನೆಯದು ಬೆಲ್ಟ್. ಬೆಲ್ಟ್ ಸವೆಯುವ ವಸ್ತು. ಬೇರೆ ಬೆಲ್ಟ್ ಸಿಗುತ್ತದೆಯೇ, ಮೋಟರ್ ದಿನಗಟ್ಟಲೆ ಬಿಡದೆ ಓಡಲು ಮಾಡಿದ್ದೇ ಎಂದು ಕೊಳ್ಳುವ ಮೊದಲೇ ಕೇಳಿ.

ಕೊನೆಯದು ಪುಡಿ. ಯಂತ್ರದ ಬೆಲೆ ಅಸಲು, ಪುಡಿಯ ಬೆಲೆ ಬಡ್ಡಿ. ಬಡ್ಡಿ ನೋಡದೆ ಸಾಲ ಮಾಡಬಾರದು. ಪೆಟ್ಟಿಗೆಯ ಜೊತೆ ಬರುವ ಪುಡಿ ಒಂದೆರಡು ಸಲಕ್ಕೆ ಮುಗಿಯುತ್ತದೆ. ಮುಂದೆ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಬಿಡಿಯಾಗಿ ಕೊಳ್ಳಬೇಕು. ಮೊದಲ ವಾರ 80ರ ಆಸುಪಾಸಿನ ನಂಬರ್, ಎರಡನೆಯ ವಾರ 220, ಮೂರನೆಯ ವಾರ 500, ಕೊನೆಯ ವಾರ ಅಲ್ಯೂಮಿನಿಯಂ ಆಕ್ಸೈಡಿನ ಪಾಲಿಶ್ ಪುಡಿ. ಜರಡಿಯ ಕಣ್ಣು ಸಣ್ಣದಾದಷ್ಟೂ ಹಿಟ್ಟು ನುಣ್ಣಗಾಗುವ ಹಾಗೆ, ನಂಬರ್ ಹೆಚ್ಚಿದಷ್ಟೂ ಪುಡಿ ನುಣುಪು. ವಿದ್ಯುತ್ತಿಗೆ ಹೆದರಬೇಡಿ. 20 ವ್ಯಾಟ್ ಮೋಟರ್ ನಾಲ್ಕು ವಾರ ಬಿಡದೆ ಓಡಿದರೂ ಹದಿಮೂರೂವರೆ ಯೂನಿಟ್ ಅಷ್ಟೇ.

ಇಷ್ಟೆಲ್ಲ ಬರೆದರೂ ಒಂದೇ ಮನೆಗೆ ಅದು ಭಾರವೆನಿಸಿತು. ನಮ್ಮ ಓಣಿಯ ಮೂರು ಮನೆಯವರು ಸೇರಿ ಜಾಯಿಂಟ್ ಅಕೌಂಟಿನ ಹಾಗೆ ಒಂದೇ ಯಂತ್ರ ಕೊಂಡೆವು. ಒಂದೊಂದು ತಿಂಗಳು ಒಬ್ಬೊಬ್ಬರ ಪಾಳಿ.

ಮೊದಲ ಪಾಳಿ ನಮ್ಮದು. ಅದು ಕೆಟ್ಟಿತು, ಕೆಡಿಸಿದವನು ನಾನೇ. ಮೊಮ್ಮಗಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಹತ್ತಿರವಿತ್ತು. ಒಂದು ವಾರದ ಕೆಲಸವನ್ನು ಮೂರು ದಿನಕ್ಕೆ ನಿಲ್ಲಿಸಿದೆ. ಪುಡಿ ಬದಲಿಸುವಾಗ ಪೀಪಾಯಿಯನ್ನು ಸರಿಯಾಗಿ ತೊಳೆಯಲಿಲ್ಲ. ಉಳಿದ ನಾಲ್ಕಾರು ಒರಟು ಕಣಗಳು ಕೊನೆಯವರೆಗೂ ಕಲ್ಲುಗಳ ಮೈ ಗೀರಿದವು. ಅವಳ ಅಮೃತಶಿಲೆಯ ಚೂರನ್ನೂ ಅದರೊಳಗೇ ಹಾಕಿದ್ದೆ. ಗಡಸುತನದ 1ರಿಂದ 10ರ ಮಾಪನದಲ್ಲಿ ಅಮೃತಶಿಲೆ 3, ಅಗೇಟ್ ಸುಮಾರು 7. ಎರಡನ್ನೂ ಒಂದೇ ಪೀಪಾಯಿಗೆ ಹಾಕಿದರೆ ಮೆತ್ತಗಿನದು ಸವೆದೇ ಹೋಗುತ್ತದೆ. ಕೊನೆಗೆ ಅದು ಹುಣಸೆಬೀಜದಷ್ಟು ಉಳಿದಿತ್ತು. ಎಲ್ಲಕ್ಕಿಂತ ಬೇಜಾರಾದದ್ದು ಕೆಂಪು ಗೆರೆಯ ಕಲ್ಲು. ಅದರಲ್ಲಿದ್ದ ಕೂದಲೆಳೆಯ ಬಿರುಕನ್ನು ನಾನು ನೋಡಿರಲಿಲ್ಲ. ಎರಡು ಹೋಳಾಗಿತ್ತು.

ಹುಡುಗಿ ಅಳಲಿಲ್ಲ. ಎರಡೂ ಹೋಳು ಕೈಯಲ್ಲಿ ಹಿಡಿದು, "ಅವಸರ ಮಾಡಿದ್ದು ನೀನ ಅಜ್ಜಾ" ಎಂದಳು. ಮೂವತ್ತೈದು ವರ್ಷ ಲೆಕ್ಕ ತಪ್ಪದೆ ಬರೆದವನಿಗೆ ಆ ಮಾತು ಚೆನ್ನಾಗಿ ನಾಟಿತು.

ಮಕ್ಕಳೇ, ಎಚ್ಚರಿಕೆಯ ಮಾತೂ ಇದೆ. ಗುಜರಾತಿನ ಖಂಭಾತ್ ಅಗೇಟ್ ಮಣಿಗಳಿಗೆ ಹೆಸರಾದ ಊರು. ಮೋಟರ್ ಇಲ್ಲದ ಕಾಲದಲ್ಲಿ ಅಲ್ಲಿ ಮಣಿ, ಪುಡಿ, ನೀರನ್ನು ಚರ್ಮದ ಚೀಲಕ್ಕೆ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಉರುಳಿಸುತ್ತಿದ್ದರು. ಅದೇ ಊರಿನಲ್ಲಿ ಅಗೇಟನ್ನು ಒಣಗಿದಂತೆಯೇ ಅರೆಯುವ ಕೆಲಸಗಾರರ ಶ್ವಾಸಕೋಶಕ್ಕೆ ಕಲ್ಲಿನ ಧೂಳು ಸೇರಿ ಸಿಲಿಕೋಸಿಸ್ ಎಂಬ ರೋಗ ಬಂದಿದೆ. ಅದನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಆದ್ದರಿಂದ ಕಲ್ಲನ್ನು ಒಣಗಿದಂತೆ ಎಂದೂ ತಿಕ್ಕಬೇಡಿ, ಕುಟ್ಟಬೇಡಿ. ನೀರು ಇರಲೇಬೇಕು. ಪುಡಿಯನ್ನು ಮೂಗಿನ ಹತ್ತಿರ ಹಾರಿಸಬೇಡಿ. ಸ್ವಿಚ್ಚು, ಬೆಲ್ಟಿನ ಹತ್ತಿರ ದೊಡ್ಡವರೇ ಕೈ ಹಾಕಲಿ. ಪೀಪಾಯಿಯಲ್ಲಿ ಕೆಲವೊಮ್ಮೆ ಗಾಳಿ ತುಂಬಿಕೊಳ್ಳುತ್ತದೆ, ದಿನಕ್ಕೊಮ್ಮೆ ಯಂತ್ರ ನಿಲ್ಲಿಸಿ ಮುಚ್ಚಳ ಸಡಿಲಿಸಿ. ತೊಳೆದ ಕೆಸರನ್ನು ಬಚ್ಚಲಿಗೆ ಚೆಲ್ಲಬೇಡಿ, ಕೊಳವೆಯೊಳಗೆ ಸಿಮೆಂಟಿನಂತೆ ಕೂರುತ್ತದೆ. ಬಕೆಟ್ಟಿನಲ್ಲಿ ಹಿಡಿದು ಮಣ್ಣಿಗೆ ಸುರಿಯಿರಿ.

ನಮ್ಮ ಎರಡನೆಯ ಪಾಳಿ ಸಂಕ್ರಾಂತಿ ಕಳೆದು ಬಂತು. ಈ ಸಲ ವಾರಕ್ಕೆ ವಾರವೇ ಕೊಟ್ಟೆವು. ಪ್ರತಿ ಸಲ ಪುಡಿ ಬದಲಿಸುವಾಗ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕಲ್ಲು ತಿಕ್ಕಿ ತೊಳೆದೆವು. ಎರಡು ಹೋಳುಗಳೂ ಮತ್ತೆ ಒಳಗೆ ಹೋದವು. ಇಪ್ಪತ್ತೆಂಟನೆಯ ದಿನ ತೆಗೆದು ಬಟ್ಟೆಯಲ್ಲಿ ಒರೆಸಿದೆವು. ಒಣಗಿದವು. ಬಣ್ಣ ಹೋಗಲಿಲ್ಲ. ತಾಳಿದವನು ಬಾಳಿಯಾನು ಎಂಬ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಕಲಿತದ್ದು ಮಾತ್ರ ಆವತ್ತು. ಕೆಂಪು ಗೆರೆಯ ಒಂದು ಹೋಳು ಅವಳ ಕಂಪಾಸ್ ಪೆಟ್ಟಿಗೆಯಲ್ಲಿದೆ, ಇನ್ನೊಂದು ನನ್ನ ಮೇಜಿನ ಮೇಲೆ ಈ ಕಾಗದ ಹಾರದಂತೆ ಕೂತಿದೆ.

ಈ ವಾರ ನಿಮಗೊಂದು ಕೆಲಸ. ಹೊಳೆ, ಹಳ್ಳದ ದಂಡೆಗೆ ಹೋದರೆ ಹಿಡಿಯಷ್ಟು ಕಲ್ಲು ತನ್ನಿ, ಮೂಟೆಗಟ್ಟಲೆ ಬೇಡ. ಅಜ್ಜನ ಅಥವಾ ಅಜ್ಜಿಯ ಜೊತೆ ಕೂತು ಪ್ರತಿಯೊಂದನ್ನೂ ಚಾಕುವಿನ ತುದಿಯಿಂದ ಗೀರಿಸಿ ನೋಡಿ. ಚಾಕು ಅವರ ಕೈಯಲ್ಲೇ ಇರಲಿ. ಗೀರು ಬಿದ್ದದ್ದು ಮೆತ್ತಗಿನದು, ಬೀಳದ್ದು ಗಟ್ಟಿ. ಎರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ. ಯಂತ್ರದ ಮಾತು ಆಮೇಲೆ.