ನಿನ್ನ ಊರು ಯಾವುದು?

ಪರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳು ಈ ಪ್ರಶ್ನೆಗೆ ಒಂದು ಕ್ಷಣ ತಡವರಿಸುತ್ತಾರೆ. ರಗ್ಬಿ ಲೀಗ್ ಆಟಗಾರರಿಗೂ ಇದೇ ಪ್ರಶ್ನೆ ಎದುರಾಗುತ್ತದೆ.

ಆಸ್ಟ್ರೇಲಿಯಾದಲ್ಲಿ ಹಿಂದೆ ಆಟಗಾರನು ತನ್ನ ಕ್ಲಬ್ ಇರುವ ರಾಜ್ಯದ ಪರ ಆಡಬೇಕಿತ್ತು. ಹಾಗಾಗಿ ಸಿಡ್ನಿಯ ಕ್ಲಬ್ಬುಗಳಿಗೆ ಹೋದ ಕ್ವೀನ್ಸ್‌ಲ್ಯಾಂಡಿನವರು ತವರಿನ ವಿರುದ್ಧವೇ ಕಣಕ್ಕಿಳಿಯುತ್ತಿದ್ದರು. 1980ರಲ್ಲಿ ‘ಸ್ಟೇಟ್ ಆಫ್ ಆರಿಜಿನ್’ ಪಂದ್ಯ ಬಂದು ತವರಿಗೆ ಬೆಲೆ ಸಿಕ್ಕಿತು. ಆರ್ಥರ್ ಬೀಟ್ಸನ್ ನಾಯಕತ್ವದ ಕ್ವೀನ್ಸ್‌ಲ್ಯಾಂಡ್ ಅಂದು 20-10ರಿಂದ ಗೆದ್ದಿತು. ತವರು ಎಂದರೆ ಯಾವುದು ಎಂಬ ವಾದ ಮಾತ್ರ ನಿಲ್ಲಲಿಲ್ಲ. 2012ರಲ್ಲಿ ನಿಯಮ ಬಿಗಿಯಾಯಿತು: ಆ ರಾಜ್ಯದಲ್ಲಿ ಹುಟ್ಟಿರಬೇಕು, ಇಲ್ಲವೇ 13 ವರ್ಷ ತುಂಬುವ ಮೊದಲು ಅಲ್ಲಿ ನೆಲೆಸಿರಬೇಕು, ತಂದೆ ಆ ರಾಜ್ಯಕ್ಕೆ ಆಡಿದ್ದರೂ ಸರಿ.

ದೇಶಗಳ ತಂಡಗಳಲ್ಲಿ ಮಾತ್ರ ನಿಯಮ ಸಡಿಲವಾಯಿತು. 2017ರ ವಿಶ್ವಕಪ್ಪಿಗೆ ಜೇಸನ್ ಟೌಮಾಲೊಲೊ ನ್ಯೂಜಿಲೆಂಡ್ ಬಿಟ್ಟು ತಮ್ಮ ಹಿರಿಯರ ಪುಟ್ಟ ದೇಶ ಟೊಂಗಾವನ್ನು ಆರಿಸಿಕೊಂಡರು. ಟೊಂಗಾ 28-22ರಿಂದ ನ್ಯೂಜಿಲೆಂಡನ್ನೇ ಸೋಲಿಸಿತು! 2019ರಲ್ಲಿ ಆಸ್ಟ್ರೇಲಿಯಾವೂ ಅದಕ್ಕೆ 16-12ರಿಂದ ಮಣಿಯಿತು.

“ಇದು ನಿಷ್ಠೆಯೇ?” ಎಂದು ಕೆಲವರು ಕೇಳುತ್ತಾರೆ. ಗೆಲ್ಲುವ ತಂಡವನ್ನು ಹುಡುಕಿ ಅಲೆಯಲು ನಿಯಮ ದಾರಿಯಾಗಬಾರದು, ನಿಜ. ಆದರೆ ದೊಡ್ಡ ತಂಡ ಬಿಟ್ಟು ಚಿಕ್ಕದಕ್ಕೆ ಹೆಗಲು ಕೊಟ್ಟವರನ್ನು ಹಾಗೆನ್ನಬಹುದೇ? ಇನ್ನು, ಹದಿನಾಲ್ಕರಲ್ಲಿ ಬಂದು ಅಲ್ಲೇ ಆಟ ಕಲಿತ ಹುಡುಗನ ಗತಿ ಏನು? ವಲಸೆಯ ನಿರ್ಧಾರ ತಂದೆತಾಯಿಯದು. ಅದರ ಬೆಲೆಯನ್ನು ಮಗು ತೆರಬಾರದು. ಹುಟ್ಟಿದ ಊರಿನ ಜೊತೆಗೆ, ಆಟ ಕಲಿತ ಊರಿಗೂ ನಿಯಮದಲ್ಲಿ ಜಾಗವಿರಬೇಕು ಎಂಬುದು ನನ್ನ ಅಭಿಪ್ರಾಯ.

ಮಕ್ಕಳೇ, ಊರು ಯಾವುದೆಂದು ಯಾರಾದರೂ ಕೇಳಿದರೆ ಎರಡು ಹೆಸರು ಹೇಳಲು ಸಂಕೋಚ ಬೇಡ.

– ಕನ್ನಡ ಶಿಕ್ಷಕಿ, ಬಿ.ಎ., ಬಿ.ಎಡ್.