ಮಣ್ಣಿನ ಖಾತೆ

ಏನು ಹಾಕಿದರೂ ಭೂಮಿತಾಯಿ ಅರಗಿಸಿಕೊಳ್ಳುತ್ತಾಳೆ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ನಂಬಿಕೆ. ಸೆಗಣಿ, ತರಗೆಲೆ, ಬಾಳೆಯ ಸಿಪ್ಪೆಗಳ ಮಟ್ಟಿಗೆ ಅದು ಸರಿಯೇ. ಆದರೆ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಕ್ರೋಮಿಯಂ ಮೊದಲಾದವುಗಳ ವಿಷಯ ಹಾಗಲ್ಲ. ಇವು ಕೊಳೆಯುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ದಿನವೆಲ್ಲ ಕಚೇರಿಯಲ್ಲಿ ಕುಳಿತು ಜಮಾ-ಖರ್ಚು ಬರೆಯುವ ನನ್ನಂಥವನು ಹೇಳುವುದಾದರೆ, ಮಣ್ಣಿನ ಈ ಖಾತೆಯಲ್ಲಿ ಜಮಾ ಉಂಟು, ಖರ್ಚು ಬಹುಮಟ್ಟಿಗೆ ಇಲ್ಲ.

ಜಮಾ ಮಾಡುವವರು ಇಬ್ಬರು. ಒಂದು ಪ್ರಕೃತಿ, ಇನ್ನೊಂದು ಮನುಷ್ಯ.

ಪ್ರಕೃತಿಯ ಲೆಕ್ಕವನ್ನು ನೋಡಲು ನಮ್ಮ ಸೀಮೆಗೇ ಹೋಗೋಣ. ಸುರಪುರ, ರಾಯಚೂರು, ಲಿಂಗಸೂಗೂರುಗಳು 1956ರವರೆಗೆ ಹೈದರಾಬಾದು ರಾಜ್ಯಕ್ಕೇ ಸೇರಿದ್ದವು. ಆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆತನಗಳು ನಮ್ಮಲ್ಲಿ ಎಷ್ಟೋ ಇವೆ. ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಹಳ್ಳಿಯುಂಟು. ಕಡಲ ತೀರದ ಮಂಗಳೂರಲ್ಲ. ಅಲ್ಲಿ ಚಿನ್ನವಿರುವ ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಹಿಂದೆ ಗಣಿಯೂ ನಡೆದಿತ್ತು. ಇಂಥ ಕಲ್ಲಿನಲ್ಲಿ ಚಿನ್ನದ ಜೊತೆಗೇ ಆರ್ಸೆನಿಕ್ ಇರುತ್ತದೆ. ಹಳಬರು ಶಂಖಪಾಷಾಣವೆಂದು ಹೆದರುತ್ತಿದ್ದ ವಿಷದ ಮೂಲವಸ್ತು ಇದೇ. ನೆಲದೊಳಗಿನ ನೀರು ಈ ಕಲ್ಲನ್ನು ತಾಕುತ್ತ ಅದನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ.

ಸಮೀಪದ ಕಿರದಳ್ಳಿ ತಾಂಡಾದ ಬಡಜನರು ಇಂಥ ನೀರನ್ನೇ ಕುಡಿದರು. ಅಂಗೈ ಅಂಗಾಲುಗಳು ಗಂಟುಗಂಟಾಗಿ ಒರಟಾದವು; ಮೈಮೇಲೆ ಕಲೆಗಳೆದ್ದವು; ಕೆಲವರಿಗೆ ಕ್ಯಾನ್ಸರ್ ಕೂಡ ಬಂದಿತು. ಈ ಭಾಗದ ಆರ್ಸೆನಿಕ್ ಬಗ್ಗೆ ಸಂಶೋಧಕರು 2013ರಲ್ಲಿ ವಿವರವಾಗಿ ಬರೆದಿದ್ದಾರೆ. ಗಣಿಯಿಂದ ಬಂದ ಚಿನ್ನ ಯಾರ ಕೊರಳಿಗೆ ಹೋಯಿತೋ ಏನೋ, ತಾಂಡಾದವರ ಪಾಲಿಗೆ ಬಂದದ್ದು ಇದು.

ಇನ್ನು ಮನುಷ್ಯನ ಲೆಕ್ಕ. ಅದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಮಲ್ಕಾಜ್‌ಗಿರಿಗೆ ಹತ್ತಿರದ ಹಬ್ಸಿಗುಡದಲ್ಲಿರುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ನಗರದ ಕೈಗಾರಿಕಾ ಪ್ರದೇಶಗಳ ಮಣ್ಣನ್ನು ಅಗೆದು ಪರೀಕ್ಷಿಸಿದ್ದಾರೆ. ಪಟಾನ್‌ಚೆರುವಿನ ವರದಿ 2001ರಲ್ಲಿಯೂ, ಕಾಟೇದಾನಿನ ವರದಿ 2008ರಲ್ಲಿಯೂ ಪ್ರಕಟವಾದವು. ಎರಡು ಕಡೆಯೂ ಸೀಸ, ಕ್ರೋಮಿಯಂ, ಆರ್ಸೆನಿಕ್ ಮೊದಲಾದವು ಮಿತಿಮೀರಿ ಸೇರಿಕೊಂಡಿದ್ದವು.

ದೊಡ್ಡ ಕಾರ್ಖಾನೆಗಳ ಮಾತು ನಮಗೇಕೆ ಎನ್ನುವಿರಾ? ಹಾಗಾದರೆ ನಮ್ಮ ಮನೆಯ ಇನ್ವರ್ಟರಿನ ಹಳೆಯ ಬ್ಯಾಟರಿಯನ್ನೇ ನೋಡಿ. ಗಾಡಿಯವನು ಅಂಗಡಿಗಿಂತ ನಾಲ್ಕು ಕಾಸು ಹೆಚ್ಚು ಕೊಡುತ್ತಾನೆಂದು ಅವನಿಗೇ ಮಾರಿಬಿಡುತ್ತೇವೆ. ಅದು ಕೈಯಿಂದ ಕೈಗೆ ಸಾಗಿ ಯಾವುದೋ ಗುಡಿಸಲಿನ ಹಿತ್ತಲನ್ನು ಸೇರಬಹುದು. ಸೀಸ 327 ಡಿಗ್ರಿ ಶಾಖಕ್ಕೆ ಕರಗುವ ಲೋಹ. ಅದಕ್ಕೆ ಇದ್ದಿಲ ಒಲೆಯೇ ಸಾಕು. ಬ್ಯಾಟರಿಯ ಆಮ್ಲವನ್ನು ನೆಲಕ್ಕೆ ಚೆಲ್ಲಿ, ತಗಡುಗಳನ್ನು ಒಲೆಗೆ ಹಾಕುತ್ತಾರೆ. ಹೊಗೆಯಲ್ಲಿ ಹೋದ ಸೀಸ ಸುತ್ತಲಿನ ಮಣ್ಣಿಗೇ ಇಳಿಯುತ್ತದೆ. ಆ ಮಣ್ಣಿನಲ್ಲಿ ಮಕ್ಕಳು ಆಡಿ, ಅದೇ ಕೈಯನ್ನು ಬಾಯಿಗೆ ಇಡುತ್ತಾರೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಶರೀರ ದೊಡ್ಡವರ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಅದರ ಪೆಟ್ಟು ಬೀಳುವುದು ಮಿದುಳಿಗೆ. ಮಗು ಪಾಠದಲ್ಲಿ ಹಿಂದೆ ಬಿದ್ದರೆ ದಡ್ಡನೆಂದು ಬೈಯುತ್ತಾರೆಯೇ ಹೊರತು, ಹಿತ್ತಲಿನ ಮಣ್ಣನ್ನು ಯಾರು ಸಂಶಯಪಡುತ್ತಾರೆ? ಒಲೆಯ ಮುಂದೆ ಕುಳಿತವನನ್ನು ದೂರಿ ಫಲವಿಲ್ಲ. ಹೊಟ್ಟೆಪಾಡಿಗೆ ಮಾಡುವ ಆ ಕೆಲಸದಲ್ಲಿ ಮೊದಲು ಬೇಯುವವರು ಅವನ ಮನೆಯವರೇ.

ಹಳೆಯ ಬ್ಯಾಟರಿಯನ್ನು ಮಾರಾಟಗಾರರು ಹಿಂದಕ್ಕೆ ಪಡೆಯಬೇಕೆಂದು 2001ರಲ್ಲಿಯೇ ನಿಯಮ ಬಂದಿತು. 2022ರ ಹೊಸ ನಿಯಮಗಳು ತಯಾರಕರ ಮೇಲೂ ಹೊಣೆ ಹೊರಿಸಿವೆ. ಆದ್ದರಿಂದ ಹಳೆಯದನ್ನು ಅಂಗಡಿಗೇ ಕೊಟ್ಟು, ರಸೀದಿ ಪಡೆಯೋಣ. ಬರುವ ಹಣ ಸ್ವಲ್ಪ ಕಡಮೆಯಾದರೂ ಆಗಲಿ.

ಮನೆಯ ಯಜಮಾನಿಯರಿಗೆ ಎರಡು ಮಾತು. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆದರೆ ಮೇಲಿನ ಧೂಳು ಹೋಗುತ್ತದೆ. ಬೇರಿನಿಂದ ಹೀರಿದ್ದು ಹೋಗುವುದಿಲ್ಲ. ಕಾರ್ಖಾನೆಯ ಕೊಚ್ಚೆನೀರು ಹರಿಯುವ ಕಡೆ ಬೆಳೆದ ಸೊಪ್ಪೆಂದು ತಿಳಿದರೆ ಅದನ್ನು ಬಿಡುವುದೇ ಮೇಲು. ಎರಡನೆಯದು, ನೀರನ್ನು ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ ಇಂಗಿದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀರಿದೆಯೇ ಇಲ್ಲವೇ ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು.

ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗುವವರು, ಅದರಲ್ಲಿಯೂ ಸುರಪುರ, ರಾಯಚೂರು ಸೀಮೆಯವರು, ತಮ್ಮ ಓಣಿಯ ಕೊಳವೆಬಾವಿಯ ನೀರಿಗೆ ಆರ್ಸೆನಿಕ್ ಪರೀಕ್ಷೆ ಆಗಿದೆಯೇ ಎಂದು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿರಿ. ಆಗಿಲ್ಲವಾದರೆ ಅಲ್ಲಿಯೇ ಒಂದು ಅರ್ಜಿ ಬರೆದು ಕೊಟ್ಟು ಬನ್ನಿ. ಅರ್ಜಿ ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಸಹಿಯಿಲ್ಲದ ಅರ್ಜಿ ಯಾವ ಕಡತದಲ್ಲಿ ಮಲಗುವುದೆಂದು ನನಗೆ ಚೆನ್ನಾಗಿ ಗೊತ್ತು.