ಹಳಿಗೆ ಸಿಕ್ಕ ಬೇಡ್ತಿ ಕಣಿವೆ

ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಕೂಗು ಎರಡು ದಶಕ ಕಳೆದರೂ ಅಡಗಿಲ್ಲ. 1997-98ರಲ್ಲಿ ಯೋಜನೆಗೆ ಮಂಜೂರಾತಿ ದೊರೆತಾಗ ಬಳ್ಳಾರಿ–ಹೊಸಪೇಟೆಯ ಅದಿರನ್ನು ಬಂದರಿಗೆ ಮುಟ್ಟಿಸುವುದೇ ಅದರ ಮುಖ್ಯ ಗುರಿ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿದ ಮೇಲೆ ಅದೇ ಯೋಜನೆ 'ಉತ್ತರ ಕರ್ನಾಟಕದ ಅಭಿವೃದ್ಧಿ'ಯ ಅಂಗಿ ತೊಟ್ಟಿತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಆಕ್ಷೇಪವನ್ನು ಬದಿಗಿಟ್ಟು 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆಯ ಮುದ್ರೆಯೊತ್ತಿತು. ಅದೇ ವರ್ಷ ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆಗ ಕೇಳಿದ್ದು ಸುಮಾರು 600 ಹೆಕ್ಟೇರ್ ಅರಣ್ಯ.

ಹುಲಿಗಳಿಗೆ ಕಾಳಿ ಅಭಯಾರಣ್ಯವಿದೆಯಲ್ಲ, ಯಲ್ಲಾಪುರದ ಕಾಡಿನಲ್ಲಿ ಒಂದು ಹಳಿ ಹಾದರೇನು ಎಂಬುದು ನಗರದ ವಾದ. ಸಂರಕ್ಷಿತ ಪ್ರದೇಶವೆಂದರೆ ಬೇಲಿ ಹಾಕಿದ ಮೃಗಾಲಯವೆಂದು ತಿಳಿದವರು ಮಾತ್ರ ಹೀಗೆನ್ನಬಲ್ಲರು. ಕಾಳಿಗೂ ಬೇಡ್ತಿ ಕಣಿವೆಗೂ ನಡುವಣ ಕಾಡು ಕಡಿದುಹೋದರೆ ಎರಡೂ ದ್ವೀಪಗಳಾಗುತ್ತವೆ.

2011ರಲ್ಲಿ ಘೋಷಿತವಾದ ಬೇಡ್ತಿ ಸಂರಕ್ಷಣಾ ಮೀಸಲಿನ ವಿಸ್ತಾರ ಕೇವಲ 57 ಚದರ ಕಿ.ಮೀ. ಅಲ್ಲಿನ ಮರದರಿಶಿನವನ್ನೇ ನೋಡಿ. ಈ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬಳ್ಳಿಗಳು ವಿರಳವಾದಂತೆ ಬೀಜ ಕಟ್ಟುವುದೇ ಕಷ್ಟ. ರಾಮಪತ್ರೆಯ ಬೀಜವನ್ನು ದೂರಕ್ಕೆ ಒಯ್ಯಬಲ್ಲ ಮಂಗಟ್ಟೆ ಹಕ್ಕಿಗೆ ಗೂಡು ಕಟ್ಟಲು ಪೊಟರೆಯಿರುವ ಹಳೆಯ ಹೆಮ್ಮರವೇ ಆಗಬೇಕು. ಹೊಳೆಯಂಚಿನ ಅಪ್ಪೆಮರದ ಕಡ್ಡಿ ತಂದು ಕಸಿ ಕಟ್ಟುವ ರೈತನಿಗೆ ಈ ಕಾಡೇ ತಳಿಯ ಕಣಜ. 'ಬದಲಿ ಅರಣ್ಯೀಕರಣ'ದ ಅಕೇಶಿಯಾ ನೆಡುತೋಪಿನಲ್ಲಿ ಇವುಗಳಲ್ಲಿ ಯಾವುದು ಹುಟ್ಟೀತು? (ಅಕೇಶಿಯಾದ ಮೇಲಿನ ಇಲಾಖೆಯ ಮೋಹ ಬೇರೆಯೇ ಕಥೆ.)

ಗುಡ್ಡಗಳೂ ತಮ್ಮ ಮಾತು ಹೇಳಿವೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಅಡಿಕೆ ತೋಟಗಳ ಮೇಲೆ ಮಣ್ಣು ಕುಸಿಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬಿದ್ದ ಗುಡ್ಡ ಗಂಗಾವಳಿಗೆ ಜಾರಿ ಜೀವಗಳನ್ನು ಬಲಿ ಪಡೆಯಿತು. ಗಂಗಾವಳಿ ಬೇರಾವುದೂ ಅಲ್ಲ, ಕೆಳಹರಿವಿನ ಬೇಡ್ತಿಯೇ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆ ಸೇರುವುದೂ ಇದನ್ನೇ. ತಮ್ಮೂರಿನ ನೀರು ಹರಿಯುವ ಕಣಿವೆಯನ್ನು ಹುಬ್ಬಳ್ಳಿ–ಧಾರವಾಡದವರು ಪರರ ಸೊತ್ತೆಂದು ಎಣಿಸುವುದು ವಿಚಿತ್ರ. ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಸಮುದ್ರ ತಲುಪುವ ರೈಲು ಅವರಿಗೆ ಈಗಾಗಲೇ ಇದೆ.

ಇತ್ತ ಮಲೆನಾಡಿನಲ್ಲಿ, ಮೀಸಲು ಎಂದೊಡನೆ ಎತ್ತಂಗಡಿಯ ಭಯ. ಅಭಯಾರಣ್ಯಗಳ ಇತಿಹಾಸ ಬಲ್ಲವರು ಆ ಭಯವನ್ನು ಹಗುರವಾಗಿ ಕಾಣಲಾರರು. ಆದರೆ 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯ್ದೆಗೆ ಬಂದ ಸಂರಕ್ಷಣಾ ಮೀಸಲು ಬೇರೆ ಜಾತಿಯದು: ಅದು ಸರ್ಕಾರಿ ಭೂಮಿಗಷ್ಟೇ ಅನ್ವಯ, ಸ್ಥಳೀಯರೊಡನೆ ಸಮಾಲೋಚನೆ ಕಡ್ಡಾಯ, ಒಳಗಿನವರ ಹಕ್ಕುಗಳಿಗೆ ಧಕ್ಕೆಯಿಲ್ಲ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯತಿಗೂ ಕೃಷಿ ಇಲಾಖೆಗೂ ಸ್ಥಾನವಿದೆ. ಆ ಕುರ್ಚಿ ಖಾಲಿಯಿದ್ದರೆ ಅರಣ್ಯ ಇಲಾಖೆಯೊಂದೇ ಮಾತಾಡುತ್ತದೆ.

1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ–ನಷ್ಟವನ್ನು ವಿಜ್ಞಾನಿಗಳೆದುರು ಒರೆಗೆ ಹಚ್ಚಲು ಶಿರಸಿಯ ತೋಟಗಾರರ ಸಂಘವೇ ವಿಚಾರಗೋಷ್ಠಿ ಕರೆಯಿತು. ಮುಂದೆ ಯೋಜನೆ ನಿಂತಿತು. ಯಲ್ಲಾಪುರ, ಅಂಕೋಲಾ ತಾಲ್ಲೂಕುಗಳ ಗ್ರಾಮಸಭೆಗಳು ಈಗ ಎರಡು ಠರಾವು ಮಾಡಲಿ: ಮೀಸಲನ್ನು ಕಾಳಿಯವರೆಗೆ ಬೆಸೆಯಬೇಕು, ಸಮಿತಿಯ ಪ್ರತಿ ಸಭೆಯ ನಡಾವಳಿ ಕನ್ನಡದಲ್ಲಿ ಪಂಚಾಯತಿಯ ಫಲಕಕ್ಕೆ ಬರಬೇಕು.